ಪಿಡಬ್ಲ್ಯುಎಂ ಮೋಟಾರಿಗೆ ನಿಜಕ್ಕೂ ಎಷ್ಟು ವೋಲ್ಟ್ ಸಿಗುತ್ತಿದೆ? ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಂಚಿಕೆಗೆ ಆರಿಸಿಕೊಂಡ ಪತ್ರಗಳೆಲ್ಲ ಒಂದೇ ತಕರಾರಿನ ಸುತ್ತ ಇವೆ: ಲೆಕ್ಕ ಒಂದು ಹೇಳುತ್ತದೆ, ಮೀಟರ್ ಇನ್ನೊಂದು ಹೇಳುತ್ತದೆ. ಪಿಡಬ್ಲ್ಯುಎಂ ಎಂದರೆ ವೋಲ್ಟೇಜನ್ನು ಬೇಗ ಬೇಗ ಆನ್-ಆಫ್ ಮಾಡಿ ಪಲ್ಸ್‌ಗಳಾಗಿ ಕೊಡುವುದು, ಪ್ರತಿ ಆನ್-ಆಫ್ ಸುತ್ತಿನಲ್ಲಿ ಆನ್ ಇರುವ ಪಾಲೇ ಡ್ಯೂಟಿ. ಬ್ಯಾಟರಿಯ ಪುಟ್ಟ ಮೋಟಾರಿನಿಂದ 415 ವೋಲ್ಟಿನ ಡ್ರೈವ್‌ವರೆಗೆ ಪ್ರಶ್ನೆಗಳನ್ನು ಸಾಲಾಗಿ ಜೋಡಿಸಿದ್ದೇವೆ.

ಪ್ರಶ್ನೆ: 12 ವೋಲ್ಟಿನ ಡಿಸಿ ಮೋಟಾರನ್ನು ಆರ್ಡುಯಿನೊ ಊನೊ ಕಂಟ್ರೋಲರ್ ಬೋರ್ಡಿನ 9ನೇ ಪಿನ್‌ನಿಂದ, ಐಆರ್‌ಎಲ್‌ಝಡ್44ಎನ್ ಮಾಸ್‌ಫೆಟ್ (ಎಲೆಕ್ಟ್ರಾನಿಕ್ ಸ್ವಿಚ್) ಮೂಲಕ ಓಡಿಸುತ್ತಿದ್ದೇನೆ. ಮೋಟಾರಿಗೆ ಅಡ್ಡಲಾಗಿ ಡಯೋಡ್ ಹಾಕಿದ್ದೇನೆ. ಪ್ರೋಗ್ರಾಮಿನ ಅನಲಾಗ್‌ರೈಟ್‌ಗೆ 255ರಲ್ಲಿ 77 ಕೊಟ್ಟರೆ ಡ್ಯೂಟಿ 30%, ಅಂದರೆ 3.6 ವೋಲ್ಟ್ ಬರಬೇಕು. ಮಲ್ಟಿಮೀಟರ್ 8.2 ತೋರಿಸುತ್ತದೆ. ಶಾಫ್ಟನ್ನು ಒತ್ತಿ ಹಿಡಿದರೆ 3ರ ಹತ್ತಿರ ಇಳಿಯುತ್ತದೆ. ಮೀಟರ್ ಕೆಟ್ಟಿದೆಯೇ? (ಡಿಪ್ಲೊಮಾ ವಿದ್ಯಾರ್ಥಿ, ಹಾಸನ)

ಉತ್ತರ: ಮೀಟರ್ ಸರಿಯಿದೆ. 8.2 ನಿಜ, 3 ಕೂಡ ನಿಜ. ತಪ್ಪಿರುವುದು ‘ಡ್ಯೂಟಿ ಗುಣಿಸು ಬ್ಯಾಟರಿ ವೋಲ್ಟೇಜ್’ ಎಂಬ ಸೂತ್ರವನ್ನು ಎಲ್ಲ ಸಂದರ್ಭಕ್ಕೂ ಹಚ್ಚಿದ್ದು.

ಮಾಸ್‌ಫೆಟ್ ಆನ್ ಇದ್ದಾಗ ಮೋಟಾರಿನ ಎರಡು ತುದಿಗಳ ನಡುವೆ 12 ವೋಲ್ಟ್ ಇರುತ್ತದೆ. ಆಫ್ ಆದೊಡನೆ ಅದು ಸೊನ್ನೆ ಆಗಿಬಿಡುತ್ತದೆ ಎಂದು ಸೂತ್ರ ನಂಬಿಕೊಂಡಿದೆ. ಆಗುವುದೇ ಬೇರೆ. ಮೊದಲು, ಸುರುಳಿಯಲ್ಲಿದ್ದ ಕರೆಂಟ್ ಡಯೋಡ್ ಮೂಲಕ ಸುತ್ತುತ್ತದೆ. ಆಗ ತುದಿಗಳ ನಡುವೆ ಸುಮಾರು ಮೈನಸ್ 0.7 ವೋಲ್ಟ್. ಆ ಕರೆಂಟ್ ಸತ್ತ ಮೇಲೆ ಡಯೋಡ್ ಮುಚ್ಚಿಕೊಳ್ಳುತ್ತದೆ. ಮೋಟಾರ್ ಮಾತ್ರ ತಿರುಗುತ್ತಲೇ ಇರುತ್ತದೆ. ತಿರುಗುವ ಮೋಟಾರ್ ಡೈನಮೊ ಕೂಡ ಹೌದಲ್ಲ, ಅದು ತಾನೇ ಹುಟ್ಟಿಸುವ ವೋಲ್ಟೇಜ್, ಅಂದರೆ ಬ್ಯಾಕ್ ಇಎಂಎಫ್, ತುದಿಗಳಲ್ಲಿ ನಿಲ್ಲುತ್ತದೆ.

ನಿಮ್ಮ ಮೋಟಾರಿನ ಬ್ಯಾಕ್ ಇಎಂಎಫ್ 8 ವೋಲ್ಟ್ ಎಂದಿಟ್ಟುಕೊಳ್ಳಿ. ಪಲ್ಸಿನ ಪ್ರತಿ ಆನ್-ಆಫ್ ಸುತ್ತಿನ 30% ಕಾಲ 12 ವೋಲ್ಟ್, 12% ಕಾಲ ಮೈನಸ್ 0.7, ಉಳಿದ 58% ಕಾಲ 8 ವೋಲ್ಟ್. ಕೂಡಿದರೆ 3.6 – 0.08 + 4.64, ಅಂದರೆ 8.16. ನಿಮ್ಮ ಮೀಟರ್ ತೋರಿಸಿದ್ದು ಇದನ್ನೇ. ಶಾಫ್ಟ್ ಹಿಡಿದಾಗ ವೇಗ ಇಳಿಯುತ್ತದೆ, ಕರೆಂಟ್ ಏರುತ್ತದೆ, ಅದು ಸುತ್ತಿನ ಕೊನೆಯವರೆಗೂ ಸಾಯುವುದಿಲ್ಲ. ಆಗ ಆಫ್ ಕಾಲವಿಡೀ ಮೈನಸ್ 0.7 ಇರುತ್ತದೆ: 3.6 – 0.49 = 3.1 ವೋಲ್ಟ್. ಬ್ಯಾಟರಿ ಅದೇ, ಡ್ಯೂಟಿ ಅದೇ. ಲೋಡ್ ಬದಲಾದದ್ದಕ್ಕೆ ಸರಾಸರಿಯೂ ಬದಲಾಯಿತು. ಬರಿ ಮೋಟಾರ್ 30 ಪರ್ಸೆಂಟಿಗೇ ಭರ್ರನೆ ತಿರುಗಿ, ಚಕ್ರ ಜೋಡಿಸಿದ ಮೇಲೆ ಮುಕ್ಕರಿಯುವುದೂ ಇದರಿಂದಲೇ.

ಅನುಮಾನ ಇದ್ದರೆ ಮೋಟಾರ್ ಬಿಚ್ಚಿ, ಆ ಜಾಗದಲ್ಲಿ ಬೈಕಿನ ಇಂಡಿಕೇಟರ್ ಬಲ್ಬ್ ಹಾಕಿ. 12 ವೋಲ್ಟ್, 21 ವ್ಯಾಟಿನದು ಸಾಕು. ಬಲ್ಬಿಗೆ ಬ್ಯಾಕ್ ಇಎಂಎಫ್ ಇಲ್ಲ, ಹೇಳಿಕೊಳ್ಳುವಂಥ ಇಂಡಕ್ಟೆನ್ಸೂ ಇಲ್ಲ. ಮೀಟರ್ 3.6ರ ಆಸುಪಾಸು ಬಂದು ನಿಲ್ಲಬೇಕು. ನಿಂತರೆ ಪ್ರೋಗ್ರಾಮು, ಮಾಸ್‌ಫೆಟ್, ಮೀಟರ್ ಮೂರೂ ಸರಿ ಎಂದರ್ಥ.

ಲೆಕ್ಕವೂ ಮೀಟರೂ ಹೊಂದಲೇಬೇಕು ಎಂದಿದ್ದರೆ ಪಿಡಬ್ಲ್ಯುಎಂ ವೇಗ ಹೆಚ್ಚಿಸಬೇಕು. 9ನೇ ಪಿನ್ನಿನ ಮಾಮೂಲಿ ವೇಗ 490 ಹರ್ಟ್ಸ್, ಒಂದು ಸುತ್ತಿಗೆ 2 ಮಿಲಿಸೆಕೆಂಡಿಗಿಂತ ಚೂರು ಹೆಚ್ಚು. ಸುರುಳಿ 1 ಮಿಲಿಹೆನ್ರಿ, ಒಳರೆಸಿಸ್ಟೆನ್ಸ್ 2 ಓಮ್ ಇರುವ ಮೋಟಾರಿನ ಟೈಮ್ ಕಾನ್‌ಸ್ಟಂಟ್ (ಕರೆಂಟ್ ಎಷ್ಟು ಬೇಗ ಏರಿಳಿಯುತ್ತದೆ ಎಂಬುದರ ಅಳತೆ) ಬರೇ 0.5 ಮಿಲಿಸೆಕೆಂಡ್, ಕರೆಂಟ್ ಸಾಯಲು ಬೇಕಾದಷ್ಟು ಸಮಯ ಸಿಗುತ್ತದೆ. ಟೈಮರ್ 1ರ ಟಿಸಿಸಿಆರ್1ಬಿ ರಿಜಿಸ್ಟರಿನ ಕೊನೆಯ 3 ಬಿಟ್ 010 ಮಾಡಿದರೆ ವೇಗ 3921 ಹರ್ಟ್ಸ್ ಆಗುತ್ತದೆ, 001 ಮಾಡಿದರೆ 31372 ಹರ್ಟ್ಸ್. 3921ರಲ್ಲಿ ಸ್ವಲ್ಪ ಲೋಡ್ ಬಿದ್ದರೆ ಸಾಕು, ರೀಡಿಂಗ್ ಲೆಕ್ಕದ ಹತ್ತಿರ ಬರುತ್ತದೆ, ಆದರೆ ಮೋಟಾರ್ ಕುಂಯ್‌ಗುಡುತ್ತದೆ. 31372ರಲ್ಲಿ ಸದ್ದಿಲ್ಲ, ಬರಿ ಮೋಟಾರ್ ಕೂಡ ಬಹುಮಟ್ಟಿಗೆ ಲೆಕ್ಕಕ್ಕೆ ಸಿಗುತ್ತದೆ. ಅಲ್ಲಿ ಬೇರೆ ಎರಡು ತೊಂದರೆಗಳಿವೆ. ಈ ಮಾಸ್‌ಫೆಟ್‌ನ ಗೇಟಿಗೆ 48 ನ್ಯಾನೊಕೂಲಂಬ್‌ವರೆಗೆ ಚಾರ್ಜ್ ಬೇಕು. ಆರ್ಡುಯಿನೊ ಪಿನ್ 30 ಮಿಲಿಆಂಪಿಯರ್ ಕೊಟ್ಟರೂ ಆನ್ ಆಗಲು 1.6 ಮೈಕ್ರೋಸೆಕೆಂಡ್, ಆಫ್ ಆಗಲು ಅಷ್ಟೇ. 32 ಮೈಕ್ರೋಸೆಕೆಂಡಿನ ಸುತ್ತಿನಲ್ಲಿ ಹತ್ತನೇ ಒಂದು ಪಾಲು ಅರ್ಧ ತೆರೆದ ಸ್ಥಿತಿಯಲ್ಲೇ ಕಳೆದು ಮಾಸ್‌ಫೆಟ್ ಬಿಸಿಯಾಗುತ್ತದೆ. ನಡುವೆ ಟಿಸಿ4427ನಂಥ ಗೇಟ್ ಡ್ರೈವರ್ ಹಾಕಿ. ಡಯೋಡ್ 1ಎನ್4007 ಆಗಿದ್ದರೆ ತೆಗೆದು 1ಎನ್5822 ಶಾಟ್ಕಿ ಹಾಕಿ. 4007 ಈ ವೇಗಕ್ಕೆ ತೀರಾ ನಿಧಾನ. ಸರ್ವೊ ಲೈಬ್ರರಿ ಕೂಡ ಇದೇ ಟೈಮರನ್ನು ಬಳಸುವುದರಿಂದ ಎರಡನ್ನೂ ಒಂದೇ ಪ್ರೋಗ್ರಾಮಿನಲ್ಲಿ ಇಡಬೇಡಿ.

ಮೀಟರ್ ಹಿಡಿಯುವ ಜಾಗದ ಬಗ್ಗೆಯೂ ಒಂದು ಮಾತು. ಕೆಂಪು, ಕಪ್ಪು ಎರಡು ಪ್ರೋಬೂ ಮೋಟಾರಿನ ತುದಿಗಳಲ್ಲೇ ಇರಬೇಕು. ಕಪ್ಪನ್ನು ಗ್ರೌಂಡಿಗೆ, ಕೆಂಪನ್ನು ಮಾಸ್‌ಫೆಟ್‌ನ ಡ್ರೇನ್‌ಗೆ (ಮೋಟಾರ್ ಸೇರುವ ಪಿನ್ನಿಗೆ) ಹಿಡಿದರೆ ಸಿಗುವುದು 12ರಿಂದ ಮೋಟಾರ್ ವೋಲ್ಟೇಜ್ ಕಳೆದು ಉಳಿದದ್ದು. ಆಗ ವೇಗ ಹೆಚ್ಚಿಸಿದಷ್ಟೂ ರೀಡಿಂಗ್ ಇಳಿಯುತ್ತದೆ. ಡಿಸಿ 20 ವೋಲ್ಟ್ ರೇಂಜ್ ಬಳಸಿ. ಸರಾಸರಿ 1.5 ಇದೆಯೆಂದು 2 ವೋಲ್ಟ್ ರೇಂಜಿಗೆ ಇಳಿಸಿದರೆ 12 ವೋಲ್ಟಿನ ಪಲ್ಸ್ ಮೀಟರಿನ ಒಳಭಾಗದ ಮಿತಿ ಮೀರುತ್ತದೆ, ತುದಿ ಕತ್ತರಿಸಿಹೋಗಿ ರೀಡಿಂಗ್ ಕಡಿಮೆ ಬರುತ್ತದೆ. ಆಟೋ ರೇಂಜ್ ಮೀಟರ್ ಒಂದೇ ಸಮ ರೇಂಜ್ ಬದಲಿಸುತ್ತ ಕುಣಿಯುವುದಕ್ಕೂ ಇದೇ ಕಾರಣ. ರೇಂಜ್ ಬಟನ್ ಒತ್ತಿ ಲಾಕ್ ಮಾಡಿ.

ಪ್ರಶ್ನೆ: ಅದೇ ಪಿಡಬ್ಲ್ಯುಎಂ ಔಟ್‌ಪುಟ್ಟಿಗೆ ಬಲ್ಬ್ ಹಾಕಿ 3 ಮೀಟರ್‌ಗಳಲ್ಲಿ ಎಸಿ ರೇಂಜ್ ಹಿಡಿದರೆ 3 ಬೇರೆ ಬೇರೆ ಉತ್ತರ ಬರುತ್ತದೆ. ಯಾವುದನ್ನು ಬರೆದುಕೊಳ್ಳಬೇಕು? (ಐಟಿಐ ಶಿಕ್ಷಕರು, ಗದಗ)

ಉತ್ತರ: ಸರಾಸರಿ ಬೇಕಿದ್ದರೆ ಯಾವುದನ್ನೂ ಬೇಡ, ಡಿಸಿ ರೇಂಜಿನ ರೀಡಿಂಗನ್ನು ಬರೆದುಕೊಳ್ಳಿ. ಆದರೂ ವಿದ್ಯಾರ್ಥಿಗಳು ಕೇಳಿಯೇ ಕೇಳುತ್ತಾರೆ.

12 ವೋಲ್ಟ್, 30% ಡ್ಯೂಟಿ ಇದ್ದಾಗ ಡಿಸಿ ರೇಂಜ್ 3.6 ತೋರಿಸುತ್ತದೆ. ಟ್ರೂ ಆರ್‌ಎಂಎಸ್ (ಅಷ್ಟೇ ಬಿಸಿ ಕೊಡುವ ಡಿಸಿಗೆ ಸಮನಾದ ಅಳತೆ) ಮೀಟರಿನ ಎಸಿ+ಡಿಸಿ ರೇಂಜ್ ಇದ್ದರೆ 6.57, ಅದು 12ನ್ನು 0.3ರ ವರ್ಗಮೂಲದಿಂದ ಗುಣಿಸಿದ್ದು. ಬಹಳಷ್ಟು ಟ್ರೂ ಆರ್‌ಎಂಎಸ್ ಮೀಟರ್‌ಗಳ ಎಸಿ ರೇಂಜಿನಲ್ಲಿ ಒಳಗೊಂದು ಕೆಪಾಸಿಟರ್ ಇದ್ದು ಡಿಸಿ ಭಾಗವನ್ನು ತಡೆಯುತ್ತದೆ, ಅವು 5.5 ತೋರಿಸುತ್ತವೆ. ಹಳದಿ ಬಣ್ಣದ ಅಗ್ಗದ ಡಿಟಿ830 ಮೀಟರಿನ ಕಥೆ ಇನ್ನೂ ಮಜವಾಗಿದೆ. ಅದರ ಎಸಿ ರೇಂಜಿನಲ್ಲಿರುವುದು ಒಂದು ಹಾಫ್‌ವೇವ್ ಡಯೋಡ್ ಮಾತ್ರ, ಬಂದದ್ದರ ಸರಾಸರಿಯನ್ನು 2.22ರಿಂದ ಗುಣಿಸಿ ತೋರಿಸುತ್ತದೆ. ಹಾಗಾಗಿ ಅಲ್ಲಿ 8ರ ಹತ್ತಿರ ಬರುತ್ತದೆ, ಪ್ರೋಬ್ ತಿರುವುಮುರುವು ಹಿಡಿದರೆ ಸೊನ್ನೆ! ಪ್ರೋಬ್ ಅದಲುಬದಲು ಮಾಡಿದರೆ ರೀಡಿಂಗ್ ಮಾಯವಾಗುವ ಎಸಿ ರೇಂಜನ್ನು ಪಲ್ಸ್ ಅಳೆಯಲು ಬಳಸಲೇಬಾರದು.

ಬಲ್ಬಿನ ಬಿಸಿ ಆರ್‌ಎಂಎಸ್ ಅನ್ನು ಅನುಸರಿಸುತ್ತದೆ. ಡಿಸಿ ಮೋಟಾರಿನ ವೇಗ ಸರಾಸರಿಯನ್ನು ಅನುಸರಿಸುತ್ತದೆ. ಅದೇ ಮೋಟಾರಿನ ಸುರುಳಿ ಬಿಸಿಯಾಗುವುದು ಕರೆಂಟಿನ ಆರ್‌ಎಂಎಸ್‌ನಿಂದ, ವೋಲ್ಟೇಜಿನ ಆರ್‌ಎಂಎಸ್‌ನಿಂದ ಅಲ್ಲ. ಪಾಠ ಮಾಡುವಾಗ ಈ ಮೂರನ್ನು ಬೇರೆ ಬೇರೆಯಾಗಿ ಹೇಳಿದರೆ ಅರ್ಧ ಗೊಂದಲ ಅಲ್ಲೇ ಮುಗಿಯುತ್ತದೆ.

ಪ್ರಶ್ನೆ: ಮೀಟರ್ ಬೇಡ, ಮೋಟಾರಿನ ಸರಾಸರಿ ವೋಲ್ಟೇಜನ್ನು ಆರ್ಡುಯಿನೊವೇ ಅಳೆದು ಎಲ್‌ಸಿಡಿಯಲ್ಲಿ ತೋರಿಸಬೇಕು. ನೇರ ಅಳೆದರೆ ಒಮ್ಮೆ 0, ಒಮ್ಮೆ 12 ಬರುತ್ತಿದೆ. (ಎಂಜಿನಿಯರಿಂಗ್ ವಿದ್ಯಾರ್ಥಿನಿ, ತುಮಕೂರು)

ಉತ್ತರ: ಅನಲಾಗ್‌ರೀಡ್ ನೋಡುವುದು ಆ ಕ್ಷಣವನ್ನು. ಪಲ್ಸಿನ ತಲೆಯ ಮೇಲೆ ಬಿದ್ದರೆ 12, ಬುಡದಲ್ಲಿ ಬಿದ್ದರೆ 0. ಪಿಡಬ್ಲ್ಯುಎಂ ಮತ್ತು ಎಡಿಸಿ (ವೋಲ್ಟೇಜನ್ನು ಸಂಖ್ಯೆಯಾಗಿಸುವ ಭಾಗ) ಎರಡೂ ಒಂದೇ 16 ಮೆಗಾಹರ್ಟ್ಸ್ ಗಡಿಯಾರದಿಂದ ನಡೆಯುವುದರಿಂದ ಮತ್ತೆ ಮತ್ತೆ ಒಂದೇ ಜಾಗಕ್ಕೆ ಬೀಳುವ ಅಪಾಯವೂ ಇದೆ. ಮೊದಲು ಫಿಲ್ಟರ್, ಆಮೇಲೆ ಪ್ರೋಗ್ರಾಮಿನಲ್ಲಿ ಸರಾಸರಿ, ಎರಡೂ ಬೇಕು.

33 ಕಿಲೋ ಓಮ್ ಮೇಲೆ, 10 ಕಿಲೋ ಓಮ್ ಕೆಳಗೆ ಇಟ್ಟು ಡಿವೈಡರ್ ಕಟ್ಟಿ, 10 ಕಿಲೋ ಓಮಿಗೆ ಅಡ್ಡಲಾಗಿ 10 ಮೈಕ್ರೋಫ್ಯಾರಡ್ ಕೆಪಾಸಿಟರ್ ಹಾಕಿ. ವೋಲ್ಟೇಜ್ 4.3ರಿಂದ ಭಾಗವಾಗುತ್ತದೆ: 12 ವೋಲ್ಟ್ 2.79 ಆಗುತ್ತದೆ, 21 ವೋಲ್ಟ್‌ವರೆಗೂ ಪಿನ್ನಿಗೆ ಅಪಾಯವಿಲ್ಲ. ಕೆಪಾಸಿಟರಿಗೆ ಕಾಣುವ ರೆಸಿಸ್ಟೆನ್ಸ್ ಸುಮಾರು 7.7 ಕಿಲೋ ಓಮ್, ಟೈಮ್ ಕಾನ್‌ಸ್ಟಂಟ್ 77 ಮಿಲಿಸೆಕೆಂಡ್. 490 ಹರ್ಟ್ಸ್, 50% ಡ್ಯೂಟಿಯಲ್ಲಿ ಪಿನ್ನಿನ ಮೇಲೆ ಉಳಿಯುವ ಅಲೆ 19 ಮಿಲಿವೋಲ್ಟಿನಷ್ಟು, ಎಡಿಸಿಯ 4 ಮೆಟ್ಟಿಲು. ಡ್ಯೂಟಿ ಬದಲಿಸಿದ ಮೇಲೆ ರೀಡಿಂಗ್ ನೆಲೆಗೊಳ್ಳಲು ಸುಮಾರು 0.4 ಸೆಕೆಂಡ್ ಕಾಯಬೇಕು. ಅಲೆ ಪೂರ್ತಿ ಹೋಗಲೆಂದು 1000 ಮೈಕ್ರೋಫ್ಯಾರಡ್ ಹಾಕಿದರೆ 40 ಸೆಕೆಂಡ್ ಕಾಯುತ್ತ ಕೂರಬೇಕಾಗುತ್ತದೆ.

ಇಂಥ ಡಿವೈಡರ್ ಎರಡು ಕಟ್ಟಿ: ಒಂದು ಬ್ಯಾಟರಿ ಪ್ಲಸ್ಸಿನಿಂದ ಎ0 ಪಿನ್ನಿಗೆ, ಇನ್ನೊಂದು ಡ್ರೇನ್‌ನಿಂದ ಎ1 ಪಿನ್ನಿಗೆ. ಎ0ಯಿಂದ ಎ1 ಕಳೆದರೆ ಮೋಟಾರಿನ ವೋಲ್ಟೇಜ್. ಮೋಟಾರಿನ ಎರಡೂ ತುದಿ ಗ್ರೌಂಡಿಗಿಂತ ಮೇಲೇ ಇರುವುದರಿಂದ ಆಪ್‌ಆಂಪ್ ಬೇಕಿಲ್ಲ, ನೆಗೆಟಿವ್ ವೋಲ್ಟೇಜಿನ ಚಿಂತೆಯೂ ಇಲ್ಲ. ಪ್ರತಿ ಪಿನ್ನಿಗೆ 200 ರೀಡಿಂಗ್ ಕೂಡಿಸಿ 200ರಿಂದ ಭಾಗಿಸಿ. ಒಂದು ಅನಲಾಗ್‌ರೀಡ್‌ಗೆ ಸುಮಾರು 0.1 ಮಿಲಿಸೆಕೆಂಡ್ ಹಿಡಿಯುತ್ತದೆ, ಅಲ್ಲಿಗೆ ಹತ್ತು ಪಲ್ಸ್‌ಗಳ ಸರಾಸರಿ ಸಿಕ್ಕಿತು.

ಇಷ್ಟೆಲ್ಲ ಮಾಡಿದ ಮೇಲೂ ರೀಡಿಂಗ್ ಹತ್ತಿರ ಹತ್ತಿರ 6% ಹೆಚ್ಚು ಬರುತ್ತಿದ್ದರೆ ಯುಎಸ್‌ಬಿಯನ್ನು ಅನುಮಾನಿಸಿ. ಎಡಿಸಿ ತನ್ನ 5 ವೋಲ್ಟ್ ಪಿನ್ನನ್ನೇ ಅಳತೆಗೋಲಾಗಿ ಇಟ್ಟುಕೊಂಡಿರುತ್ತದೆ. ಯುಎಸ್‌ಬಿಯಲ್ಲಿ ಅದು 4.7ಕ್ಕೆ ಇಳಿದಿದ್ದರೆ ಎಲ್ಲ ಉತ್ತರವೂ ಅಷ್ಟು ಉಬ್ಬುತ್ತದೆ. ಮೀಟರಿನಲ್ಲಿ 5 ವೋಲ್ಟ್ ಪಿನ್ ಅಳೆದು ಆ ಸಂಖ್ಯೆಯನ್ನೇ ಪ್ರೋಗ್ರಾಮಿನಲ್ಲಿ ಬರೆಯಿರಿ.

ಪ್ರಶ್ನೆ: ನಮ್ಮಲ್ಲಿ 415 ವೋಲ್ಟಿನ ವಿಎಫ್‌ಡಿ (ಹರ್ಟ್ಸ್ ಬದಲಿಸಿ ಮೋಟಾರಿನ ವೇಗ ಬದಲಿಸುವ ಡ್ರೈವ್) ಇದೆ. 25 ಹರ್ಟ್ಸ್‌ನಲ್ಲಿ ಡ್ರೈವ್ ಡಿಸ್‌ಪ್ಲೇ 207 ವೋಲ್ಟ್ ಎನ್ನುತ್ತದೆ. ದುಬಾರಿ ಟ್ರೂ ಆರ್‌ಎಂಎಸ್ ಮೀಟರ್ 330 ಎನ್ನುತ್ತದೆ. ಹಳೆಯ ಮುಳ್ಳಿನ ಮಲ್ಟಿಮೀಟರ್ 210. ಯಾರ ಮಾತು ನಂಬುವುದು? (ಮೇಂಟೆನೆನ್ಸ್ ಎಲೆಕ್ಟ್ರಿಷಿಯನ್, ಪೀಣ್ಯ, ಬೆಂಗಳೂರು)

ಉತ್ತರ: ಡ್ರೈವ್ ಮತ್ತು ಮುಳ್ಳಿನ ಮೀಟರ್. ಹಳೆಯ ಮೀಟರನ್ನು ಗುಜರಿಗೆ ಹಾಕಿದವರಿಗೆ ಇದು ಸ್ವಲ್ಪ ಬೇಸರದ ಸುದ್ದಿ.

415 ವೋಲ್ಟ್ ರೆಕ್ಟಿಫೈ ಆದ ಮೇಲೆ ಡ್ರೈವಿನೊಳಗಿನ ಡಿಸಿ ಸಾಲು, ಅಂದರೆ ಡಿಸಿ ಬಸ್, ಸುಮಾರು 587 ವೋಲ್ಟ್. ಔಟ್‌ಪುಟ್ಟಿನ ಯು, ವಿ, ಡಬ್ಲ್ಯು ಎಂಬ ಮೂರು ಫೇಸ್‌ಗಳಲ್ಲಿ ಯು-ವಿ ನಡುವೆ ಹೋಗುವುದು ಸೈನ್ ಅಲೆಯಲ್ಲ, 587 ವೋಲ್ಟ್ ಎತ್ತರದ ಪಲ್ಸ್‌ಗಳು. ವೇಗ ಕಡಿಮೆ ಮಾಡಿದಾಗ ಎತ್ತರ ಇಳಿಯುವುದಿಲ್ಲ, ಅಗಲ ಮಾತ್ರ ಕಿರಿದಾಗುತ್ತದೆ. ಇಂಡಕ್ಷನ್ ಮೋಟಾರಿನ ಫ್ಲಕ್ಸ್ ಮತ್ತು ಟಾರ್ಕ್ ತಯಾರಾಗುವುದು ಆ ಪಲ್ಸ್‌ಗಳೊಳಗೆ ಅಡಗಿರುವ ಮೂಲ ಸೈನ್ ಅಲೆಯಿಂದ, ಅಂದರೆ ಫಂಡಮೆಂಟಲ್‌ನಿಂದ. 415 ವೋಲ್ಟ್, 50 ಹರ್ಟ್ಸ್ ಮೋಟಾರಿಗೆ ಹರ್ಟ್ಸ್‌ಗೆ 8.3 ವೋಲ್ಟ್, 25 ಹರ್ಟ್ಸ್‌ಗೆ 207. ಟ್ರೂ ಆರ್‌ಎಂಎಸ್ ಮೀಟರ್ ಪಲ್ಸಿನ ಪೂರ್ತಿ ಬಿಸಿ ಲೆಕ್ಕ ಹಾಕಿ 330 ಹೇಳುತ್ತದೆ. ಅದು ಸುಳ್ಳಲ್ಲ, ನೀವು ಕೇಳಿದ ಪ್ರಶ್ನೆಗೆ ಉತ್ತರ ಮಾತ್ರ ಅಲ್ಲ.

ಮುಳ್ಳಿನ ಮೀಟರ್ ಒಳಗೆ ರೆಕ್ಟಿಫೈಯರ್ ಇದೆ. ಅದು ಪಲ್ಸ್‌ಗಳನ್ನೆಲ್ಲ ಒಂದೇ ಕಡೆಗೆ ತಿರುಗಿಸಿ ಸರಾಸರಿ ತೆಗೆಯುತ್ತದೆ, ಸ್ಕೇಲಿನಲ್ಲಿ 1.11ರಿಂದ ಗುಣಿಸಿ ಬರೆದಿರುತ್ತಾರೆ. ಡ್ರೈವ್ ತನ್ನ ಪಲ್ಸ್ ಅಗಲವನ್ನು ಸೈನ್‌ಗೆ ತಕ್ಕಂತೆ ಏರಿಳಿಸುವುದರಿಂದ ಈ ಸರಾಸರಿ 187 ವೋಲ್ಟ್ ಬರುತ್ತದೆ, 1.11ರಿಂದ ಗುಣಿಸಿದರೆ 207. ಕಾಕತಾಳೀಯವಲ್ಲ, ಗಣಿತವೇ ಹಾಗಿದೆ. ಇನ್ವರ್ಟರ್ ಪರೀಕ್ಷೆಗೆ ಬಳಸುವ ದುಬಾರಿ ಪವರ್ ಅನಲೈಸರ್‌ಗಳಲ್ಲಿ ‘ಮೀನ್’ ಎಂಬ ಆಯ್ಕೆ ಇರುವುದೂ ಇದಕ್ಕೇ. ಪ್ಯಾನೆಲ್ ಮೇಲಿನ ಮೂವಿಂಗ್ ಐರನ್ ವೋಲ್ಟ್‌ಮೀಟರ್ ಕೂಡ ಮುಳ್ಳಿನದೇ ಆದರೂ ಆರ್‌ಎಂಎಸ್ ಜಾತಿಯದು, ಈ ಕೆಲಸಕ್ಕೆ ಆಗದು.

ವೇಗ ಇಳಿದಷ್ಟೂ ಅಂತರ ಹಿಗ್ಗುತ್ತದೆ. 50 ಹರ್ಟ್ಸ್‌ನಲ್ಲಿ ಫಂಡಮೆಂಟಲ್ 415 ಇದ್ದರೆ ಪೂರ್ತಿ ಆರ್‌ಎಂಎಸ್ ಸುಮಾರು 468. 10 ಹರ್ಟ್ಸ್‌ನಲ್ಲಿ 83ಕ್ಕೆ ಎದುರಾಗಿ 210. ಇದು ಮೀಟರಿಗೆ ಪಲ್ಸ್ ಪೂರ್ತಿ ಕಂಡರೆ ಬರುವ ಲೆಕ್ಕ. 1 ಕಿಲೋಹರ್ಟ್ಸ್‌ವರೆಗೆ ಮಾತ್ರ ನಿಖರವಾಗಿರುವ ಮೀಟರ್‌ಗೆ 4 ಕಿಲೋಹರ್ಟ್ಸ್ ಪಲ್ಸ್ ಕೊಟ್ಟರೆ ಯಾವ ಸಂಖ್ಯೆ ಬೇಕಾದರೂ ಬರಬಹುದು.

ಡಿಜಿಟಲ್ ಮೀಟರೇ ಬೇಕಿದ್ದರೆ ಲೋ ಪಾಸ್ ಫಿಲ್ಟರ್ ಇರುವುದನ್ನು ತೆಗೆದುಕೊಳ್ಳಿ. ಫ್ಲೂಕ್ 87ವಿ ಮೀಟರಿನಲ್ಲಿ 1 ಕಿಲೋಹರ್ಟ್ಸ್‌ನ ಫಿಲ್ಟರ್ ಇದೆ. ಕ್ಯಾಟ್ 3, 1000 ವೋಲ್ಟ್ ಸುರಕ್ಷತಾ ರೇಟಿಂಗ್ ಮೀಟರಿಗೂ ಇರಲಿ, ಪ್ರೋಬಿಗೂ ಇರಲಿ. ‘ಕರೆಂಟ್ ಇದೆಯೋ ಇಲ್ಲವೋ’ ಎಂದು ನೋಡಲು ಫಿಲ್ಟರ್ ಆನ್ ಇಟ್ಟುಕೊಳ್ಳಬೇಡಿ. ಅದು ಪಲ್ಸ್‌ಗಳನ್ನು ಮರೆಮಾಡಿ ಸಣ್ಣ ಸಂಖ್ಯೆ ತೋರಿಸಬಹುದು, ಕೈಗೆ ತಗಲುವುದು 587.

ಅಳೆಯುವಾಗ ಯು-ವಿ, ವಿ-ಡಬ್ಲ್ಯು, ಡಬ್ಲ್ಯು-ಯು ಮೂರೂ ನೋಡಿ. ಕೆಲವೇ ವೋಲ್ಟ್ ವ್ಯತ್ಯಾಸ ಇದ್ದರೆ ಸರಿ. ಆಮೇಲೆ ಮೀಟರನ್ನು ಡಿಸಿ 1000 ವೋಲ್ಟ್ ರೇಂಜಿಗೆ ತಿರುಗಿಸಿ ಅದೇ ಮೂರು ಜೋಡಿ ಅಳೆಯಿರಿ. ಇಲ್ಲಿ ಸರಾಸರಿ ಸೊನ್ನೆಯ ಹತ್ತಿರ ಇರಲೇಬೇಕು, ಏಕೆಂದರೆ ಪ್ಲಸ್ ಪಲ್ಸ್‌ಗಳೂ ಮೈನಸ್ ಪಲ್ಸ್‌ಗಳೂ ಸಮ. ಎರಡು ಜೋಡಿಯಲ್ಲಿ ಹತ್ತಾರು ವೋಲ್ಟ್ ಡಿಸಿ ಕಂಡು ಮೂರನೆಯದರಲ್ಲಿ ಇಲ್ಲದಿದ್ದರೆ, ಆ ಎರಡಕ್ಕೂ ಸೇರಿದ ಫೇಸಿನ ಐಜಿಬಿಟಿ (ಪಲ್ಸ್ ಕತ್ತರಿಸುವ ಸ್ವಿಚ್) ಅಥವಾ ಅದರ ಗೇಟ್ ಸರ್ಕ್ಯೂಟ್ ಕೈಕೊಡುತ್ತಿದೆ. ಡ್ರೈವ್ ಟ್ರಿಪ್ ಆಗುವ ಮುಂಚೆಯೇ ಈ ಅಳತೆ ದೋಷವನ್ನು ಹಿಡಿದುಕೊಡುವುದುಂಟು.

ಮುಚ್ಚಳ ತೆಗೆಯುವುದಿದ್ದರೆ ಸಪ್ಲೈ ಆಫ್ ಮಾಡಿ, ಡ್ರೈವ್ ಮೇಲೆ ಬರೆದಷ್ಟು ಹೊತ್ತು ಕಾದು, ಬಸ್‌ನ ಪ್ಲಸ್-ಮೈನಸ್ ಟರ್ಮಿನಲ್‌ಗಳ ನಡುವೆ ಡಿಸಿ ಇಳಿದಿದೆಯೆಂದು ಅಳೆದೇ ಕೈ ಹಾಕಿ. ಡಿಸ್‌ಪ್ಲೇ ಆರಿದ್ದನ್ನೇ ನಂಬಬೇಡಿ.

ಪ್ರಶ್ನೆ: ಅಡಿಕೆ ಸುಲಿಯುವ ಯಂತ್ರದ 2 ಎಚ್‌ಪಿ ತ್ರೀಫೇಸ್ ಮೋಟಾರನ್ನು ಸಿಂಗಲ್ ಫೇಸ್ ವಿಎಫ್‌ಡಿಯಿಂದ ಓಡಿಸುತ್ತಿದ್ದೇವೆ. ಡಿಸ್‌ಪ್ಲೇಯಲ್ಲಿ 230 ವೋಲ್ಟ್‌ಗಿಂತ ಮೇಲೆ ಏರುವುದಿಲ್ಲ, ಲೋಡ್ ಬಿದ್ದರೆ ಮೋಟಾರ್ ನಿಂತೇಬಿಡುತ್ತದೆ. (ಕೃಷಿಕರು, ಶಿರಸಿ)

ಉತ್ತರ: ಡ್ರೈವ್ ಸರಿ ಇದೆ. ಒಳಗೆ 230 ಹೋದರೆ ಡಿಸಿ ಬಸ್ 325, ಹೊರಗೆ ಫೇಸ್‌ಗಳ ನಡುವೆ 230ಕ್ಕಿಂತ ಹೆಚ್ಚು ಬರುವುದಿಲ್ಲ. ನಿಮ್ಮ ಮೋಟಾರ್ 415ಕ್ಕೆ ಸ್ಟಾರ್ ಕಟ್ಟಿದ್ದಿರಬೇಕು. ನೇಮ್‌ಪ್ಲೇಟಿನಲ್ಲಿ 230/415 ಎಂದು ಇದೆಯೇ, ಟರ್ಮಿನಲ್ ಬಾಕ್ಸಿನಲ್ಲಿ 6 ತುದಿಗಳಿವೆಯೇ ನೋಡಿ. ಇದ್ದರೆ ಪಟ್ಟಿಗಳನ್ನು ಡೆಲ್ಟಾಗೆ ಬದಲಿಸಿ. ಆಗ ಕರೆಂಟ್ 1.73 ಪಟ್ಟು ಆಗುತ್ತದೆ: ಸ್ಟಾರ್‌ನಲ್ಲಿ 3.5 ಆಂಪಿಯರ್ ಇದ್ದದ್ದು ಡೆಲ್ಟಾದಲ್ಲಿ 6. ಡ್ರೈವ್ ಅಷ್ಟು ಕೊಡಬಲ್ಲದೇ ನೋಡಿಕೊಂಡು ಓವರ್‌ಲೋಡ್ ಸೆಟ್ಟಿಂಗನ್ನೂ ತಿದ್ದಿ. 3 ತುದಿ ಮಾತ್ರ ಹೊರಗಿದ್ದರೆ ವೈಂಡಿಂಗ್ ಅಂಗಡಿಯವರು ಒಳಗಿನ ಸ್ಟಾರ್ ಗಂಟು ಬಿಚ್ಚಿ 6 ತುದಿ ಹೊರತೆಗೆದು ಕೊಡುತ್ತಾರೆ.

ಪ್ರಶ್ನೆ: ಎಲ್298ಎನ್ ಮೋಟಾರ್ ಡ್ರೈವರ್ ಮಾಡ್ಯೂಲಿಗೆ 12 ವೋಲ್ಟ್ ಕೊಟ್ಟು ಡ್ಯೂಟಿ 100% ಇಟ್ಟರೂ ಮೋಟಾರಿಗೆ 10 ದಾಟುವುದಿಲ್ಲ. (ವಿದ್ಯಾರ್ಥಿ, ಮೈಸೂರು)

ಉತ್ತರ: ಅದರೊಳಗಿರುವುದು ಹಳೆಯ ಬೈಪೋಲಾರ್ ಟ್ರಾನ್ಸಿಸ್ಟರ್‌ಗಳು. 1 ಆಂಪಿಯರಿಗೇ 1.8ರಿಂದ 3.2 ವೋಲ್ಟ್ ನುಂಗುತ್ತವೆ, 2 ಆಂಪಿಯರಿಗೆ 4.9ರವರೆಗೆ. ಇನ್ನೊಂದು ವಿಷಯ: ಪಿಡಬ್ಲ್ಯುಎಂ ಅನ್ನು ಇಎನ್ (ಎನೇಬಲ್) ಪಿನ್ನಿಗೆ ಕೊಟ್ಟರೆ ಆಫ್ ಆದಾಗ ಕರೆಂಟ್ ಬ್ಯಾಟರಿಗೆ ಹಿಮ್ಮುಖವಾಗಿ ಹರಿದು ಮೋಟಾರಿನಲ್ಲಿ ಸ್ವಲ್ಪ ಹೊತ್ತು ಮೈನಸ್ 14ರಷ್ಟು ಬರುತ್ತದೆ. ಇಎನ್ ಅನ್ನು ಸದಾ ಆನ್ ಇಟ್ಟು ಐಎನ್ (ಇನ್‌ಪುಟ್) ಪಿನ್ನಿಗೆ ಕೊಟ್ಟರೆ ಮೈನಸ್ 2ರ ಹತ್ತಿರ ಮಾತ್ರ. ಹಾಗಾಗಿ ಒಂದೇ ಡ್ಯೂಟಿಗೆ ಎರಡು ಜೋಡಣೆಯಲ್ಲಿ ಎರಡು ಸರಾಸರಿ ಬಂದರೆ ಗಾಬರಿ ಬೇಡ.

ಪ್ರಶ್ನೆ: ರೀಡಿಂಗ್ ಅಲುಗಾಡದಿರಲೆಂದು ಮೋಟಾರಿಗೆ ಅಡ್ಡಲಾಗಿ 470 ಮೈಕ್ರೋಫ್ಯಾರಡ್ ಹಾಕಬಹುದೇ? (ಓದುಗರು, ಕಲಬುರಗಿ)

ಉತ್ತರ: ಬೇಡ. ಪ್ರತಿ ಪಲ್ಸಿಗೂ ಮಾಸ್‌ಫೆಟ್ ಆ ಕೆಪಾಸಿಟರನ್ನು ತುಂಬಿಸಬೇಕಾಗಿ, ಸುರುಳಿಯ ತಡೆ ಇಲ್ಲದ ಭಾರೀ ಕರೆಂಟ್ ಹರಿದು ಮಾಸ್‌ಫೆಟ್ಟೇ ಸುಡುತ್ತದೆ. ಬ್ರಷ್ ಕಿಡಿಯ ಗದ್ದಲ ತಡೆಯಲು 0.1 ಮೈಕ್ರೋಫ್ಯಾರಡ್ ಸಿರಾಮಿಕ್ ಹಾಕಬಹುದು, ಅಷ್ಟೇ. ಅಲುಗಾಟ ನಿಲ್ಲಿಸಬೇಕಾದದ್ದು ಮೀಟರಿನ ಕಡೆ: ಕೆಂಪು ಪ್ರೋಬಿನ ಸಾಲಿನಲ್ಲಿ 10 ಕಿಲೋ ಓಮ್, ಮೀಟರಿಗೆ ಅಡ್ಡಲಾಗಿ 10 ಮೈಕ್ರೋಫ್ಯಾರಡ್. ಇನ್‌ಪುಟ್ 10 ಮೆಗಾಓಮ್ ಇರುವ ಮೀಟರಿನಲ್ಲಿ ಇದರಿಂದ ಆಗುವ ತಪ್ಪು 0.1%, 1 ಮೆಗಾಓಮಿನ ಅಗ್ಗದ ಮೀಟರಿನಲ್ಲಿ 1%. ವಿಎಫ್‌ಡಿಯ ಔಟ್‌ಪುಟ್ಟಿಗಂತೂ ಯಾವ ಕೆಪಾಸಿಟರನ್ನೂ ಕಟ್ಟಬೇಡಿ. ಮೋಟಾರಿನ ಹತ್ತಿರ ಹಳೆಯ ಪವರ್ ಫ್ಯಾಕ್ಟರ್ ಕೆಪಾಸಿಟರ್ ಉಳಿದಿದ್ದರೆ ಡ್ರೈವ್ ಆನ್ ಮಾಡುವ ಮೊದಲೇ ಬಿಚ್ಚಿ.

ಪ್ರಶ್ನೆ: ಅಲೆ ನೋಡಲು ಆಸಿಲೋಸ್ಕೋಪಿನ ಕ್ಲಿಪ್ಪನ್ನು ಮೋಟಾರಿನ ತುದಿಗೆ ಸಿಕ್ಕಿಸಬಹುದೇ? (ಓದುಗರು, ಮಂಗಳೂರು)

ಉತ್ತರ: ಮೇನ್ಸ್‌ನಿಂದ ನಡೆಯುವ ಸ್ಕೋಪಿನ ಕ್ಲಿಪ್ ಗೋಡೆಯ ಅರ್ತಿಂಗ್‌ಗೆ ನೇರ ಸೇರಿರುತ್ತದೆ. ನಿಮ್ಮ ಸರ್ಕ್ಯೂಟಿನ ಗ್ರೌಂಡ್ ಕೂಡ ಲ್ಯಾಪ್‌ಟಾಪ್ ಮೂಲಕ ಅರ್ತ್ ಆಗಿದ್ದರೆ ಕ್ಲಿಪ್ ಸಿಕ್ಕಿಸಿದ ತುದಿ ಶಾರ್ಟ್. ಎರಡು ಪ್ರೋಬ್‌ಗಳನ್ನು ಎರಡು ತುದಿಗೆ ಹಿಡಿದು, ಎರಡು ಕ್ಲಿಪ್ಪನ್ನೂ ಸರ್ಕ್ಯೂಟ್ ಗ್ರೌಂಡಿಗೆ ಹಾಕಿ, ಮ್ಯಾಥ್ ಮೆನುವಿನಲ್ಲಿ 1ನೇ ಚಾನೆಲ್‌ನಿಂದ 2ನೆಯದನ್ನು ಕಳೆಯಿರಿ. ಮೆಷರ್ ಮೆನುವಿನಲ್ಲಿ ‘ಮೀನ್’ ಆರಿಸಿದರೆ ಸರಾಸರಿ ಅಲ್ಲೇ ಸಿಗುತ್ತದೆ. ಪರದೆಯ ಮೇಲೆ ಪೂರ್ಣ ಪಲ್ಸ್‌ಗಳು ಹತ್ತಾದರೂ ಇರಲಿ, ಅರ್ಧ ಪಲ್ಸ್ ಸೇರಿಕೊಂಡರೆ ಸರಾಸರಿ ಜಾರುತ್ತದೆ. ಇದು ಬ್ಯಾಟರಿ ಸರ್ಕ್ಯೂಟಿನ ಮಾತು. ವಿಎಫ್‌ಡಿಗೆ, ಟ್ರೆಡ್‌ಮಿಲ್‌ನ 180 ವೋಲ್ಟ್ ಡಿಸಿ ಕಂಟ್ರೋಲರ್‌ಗೆ ಡಿಫರೆನ್ಷಿಯಲ್ ಪ್ರೋಬ್ ಇಲ್ಲದೆ ಸ್ಕೋಪ್ ಮುಟ್ಟಿಸಬೇಡಿ. ಸ್ಕೋಪಿನ ಅರ್ತ್ ಪಿನ್ ಕತ್ತರಿಸಿ ಕೆಲಸ ಸಾಧಿಸುವವರಿದ್ದಾರೆ. ಹಾಗೆ ಮಾಡಿದರೆ ಸ್ಕೋಪಿನ ಲೋಹದ ಭಾಗಗಳೇ ಮೇನ್ಸ್ ವೋಲ್ಟೇಜಿಗೆ ಏರಿ, ನಾಬ್ ತಿರುಗಿಸಲು ಹೋದವರಿಗೆ ಶಾಕ್ ಹೊಡೆಯುತ್ತದೆ.